ಗಡ್ಡದ ಸೋಪು ಕೊಳ್ಳುವ ಮೊದಲು ನೀರನ್ನು ನೋಡಿ

ಗಡ್ಡ ಹೆರೆಯುವುದಕ್ಕೆ ಸೋಪು ಒಳ್ಳೆಯದೋ ಕ್ರೀಮು ಒಳ್ಳೆಯದೋ ಎಂದು ಮನೆಯ ಹುಡುಗರು ಕೇಳಿದಾಗಲೆಲ್ಲ, ನಿಮ್ಮ ಬಚ್ಚಲಿನ ನಲ್ಲಿಗೆ ಬರುವುದು ಕಾವೇರಿ ನೀರೋ ಬೋರ್‌ವೆಲ್ ನೀರೋ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಅವರಿಗೆ ಇದು ಮುದುಕನ ತಮಾಷೆಯಂತೆ ಕಾಣುತ್ತದೆ. ಆದರೆ ಐವತ್ತು ವರ್ಷಗಳಿಂದ ಬ್ರಷ್ಷಿನಲ್ಲಿಯೇ ನೊರೆ ಎಬ್ಬಿಸಿಕೊಂಡು ಬಂದಿರುವ ನನಗೆ, ಈ ವಿಷಯದಲ್ಲಿ ಬೆಲೆ, ಪರಿಮಳ, ಹೆಸರು ಎಲ್ಲವೂ ನೀರಿನ ನಂತರದ ಮಾತುಗಳು.

ಈ ಪಾಠವನ್ನು ನಾನು ಕಲಿತದ್ದು ಒಂದು ಪೆದ್ದುತನದಿಂದ. ನಾನು ಬೆಳೆದದ್ದು ತೀರ್ಥಹಳ್ಳಿಯ ಕಡೆ. ಅಲ್ಲಿನ ಬಾವಿಯ ನೀರಿನಲ್ಲಿ ನಮ್ಮ ತಂದೆಯವರು ಹಿತ್ತಾಳೆಯ ಬಟ್ಟಲಿನೊಳಗಿನ ದುಂಡನೆಯ ಸೋಪಿನ ಮೇಲೆ ಬ್ರಷ್ಷನ್ನು ಹತ್ತು ಸುತ್ತು ತಿರುಗಿಸಿದರೆ ಬಟ್ಟಲು ತುಂಬಿ ನೊರೆ ಏಳುತ್ತಿತ್ತು. ನೌಕರಿಗೆಂದು ಬೆಂಗಳೂರಿಗೆ ಬಂದು ಬೋರ್‌ವೆಲ್ ನೀರಿನ ಮನೆಯೊಂದನ್ನು ಬಾಡಿಗೆಗೆ ಹಿಡಿದ ಮೇಲೆ, ಅದೇ ಬಗೆಯ ಸೋಪು ಎಷ್ಟು ತಿಕ್ಕಿದರೂ ಮಜ್ಜಿಗೆ ಒಡೆದಂತಾಗಿ, ಕೆನ್ನೆಗೆ ಹಚ್ಚಿದ ಅರೆಕ್ಷಣದಲ್ಲಿ ಆರಿಹೋಗತೊಡಗಿತು. ನಕಲಿ ಮಾಲು ಕೊಟ್ಟಿದ್ದೀರಿ ಎಂದು ಅಂಗಡಿಯವರೊಂದಿಗೆ ಜಗಳವಾಡಿ ಬೇರೆ ಸೋಪು ತಂದೆ. ಅದೂ ಹಾಗೆಯೇ ಆಯಿತು. ಮಳೆಗಾಲದ ಒಂದು ಬೆಳಗ್ಗೆ ನಲ್ಲಿ ನಿಂತು, ತಾರಸಿಯ ಕೊಳವೆಯ ಕೆಳಗಿಟ್ಟಿದ್ದ ಬಕೆಟ್ಟಿನ ಮಳೆನೀರನ್ನೇ ಬಳಸಬೇಕಾಗಿ ಬಂದಾಗ, ಅದೇ ಸೋಪು ಊರಿನಲ್ಲಿ ಕಂಡಂತೆಯೇ ಉಕ್ಕಿ ಬಂತು. ಅಂಗಡಿಯವರ ಬಳಿ ಕ್ಷಮೆ ಕೇಳಲು ಹೋದಾಗ ಅವರು ನಕ್ಕು, "ಸ್ವಾಮಿ, ಈ ಬಡಾವಣೆಯವರೆಲ್ಲ ಟ್ಯೂಬನ್ನೇ ಒಯ್ಯುತ್ತಾರೆ, ನೀವೊಬ್ಬರೇ ಸೋಪು ಕೇಳಿದ್ದು" ಎಂದರು.

ನಾವು ಉಪ್ಪುನೀರು ಎಂದು ಕರೆಯುವ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುತ್ತವೆ. ಸೋಪು ಅವುಗಳೊಂದಿಗೆ ಸೇರಿ ನೀರಿನಲ್ಲಿ ಕರಗದ ಬಿಳಿಯ ಗಸಿಯಾಗಿಬಿಡುತ್ತದೆ. ಬಕೆಟ್ಟಿನ ಅಂಚಿಗೆ ಜಿಡ್ಡಿನಂತೆ ಕಟ್ಟುವುದು ಇದೇ ಗಸಿ. ಈ ಲವಣಗಳು ತಮ್ಮ ಪಾಲಿನ ಸೋಪನ್ನು ನುಂಗಿದ ನಂತರ ಉಳಿದದ್ದಷ್ಟೇ ನೊರೆಯಾಗಬೇಕು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಈ ಲವಣಗಳಿಂದಾಗುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಅಪೇಕ್ಷಣೀಯ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಅನುಮತಿಯಿದೆ. ಕುಡಿಯಲು ಅಡ್ಡಿಯಿಲ್ಲದ ನೀರು ಗಡ್ಡದ ಸೋಪಿಗೆ ಶತ್ರುವಾಗಬಹುದು ಎನ್ನುವುದು ಇದರಿಂದಲೇ ತಿಳಿಯುತ್ತದೆ.

ನಿಮ್ಮ ಮನೆಯ ನೀರು ಎಂಥದೆಂದು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಮುಚ್ಚಳವಿರುವ ಎರಡು ಸಣ್ಣ ಬಾಟಲಿಗಳಲ್ಲಿ ಒಂದಕ್ಕೆ ನಲ್ಲಿಯ ನೀರನ್ನೂ ಇನ್ನೊಂದಕ್ಕೆ ಮಳೆನೀರನ್ನೋ ಆರ್‌ಒ ನೀರನ್ನೋ ಅರ್ಧದಷ್ಟು ತುಂಬಿ, ಎರಡಕ್ಕೂ ಕಡಲೆಕಾಳಿನಷ್ಟು ಸೋಪಿನ ತುರಿ ಹಾಕಿ ಕುಲುಕಿ ನೋಡಿ. ಎರಡರಲ್ಲೂ ನೊರೆ ಒಂದೇ ಎತ್ತರಕ್ಕೆ ಬಂದರೆ ನೀವು ಪುಣ್ಯವಂತರು. ನಲ್ಲಿಯ ನೀರು ಹಾಲಿನಂತೆ ಕದಡಿ ಮೇಲೆ ಚೂರುಚೂರು ತೇಲಿದರೆ ಅದು ಗಡಸು ನೀರು. ಕೈತೊಳೆಯುವ ದ್ರವದಿಂದ ಈ ಪರೀಕ್ಷೆ ಮಾಡಬೇಡಿ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ನಿಜವಾದ ಸೋಪಲ್ಲ, ಎಂಥ ನೀರಿನಲ್ಲಿಯೂ ನೊರೆ ಕೊಡುತ್ತವೆ.

ಇನ್ನು ಸೋಪು ಮತ್ತು ಕ್ರೀಮಿನ ವ್ಯತ್ಯಾಸ. ಕ್ರೀಮೆಂದರೆ ಏನೋ ಕೆನೆಯಂಥ ಸೌಮ್ಯ ವಸ್ತು, ಸೋಪೆಂದರೆ ಒರಟು ಎಂಬ ನಂಬಿಕೆ ಬಹಳ ಜನರಲ್ಲಿದೆ. ಬ್ರಷ್ಷಿನಿಂದ ನೊರೆ ಮಾಡುವ ಕ್ರೀಮಿನ ಟ್ಯೂಬಿನ ಹಿಂಬದಿಯನ್ನು ಕನ್ನಡಕ ಹಾಕಿಕೊಂಡು ಓದಿದರೆ ಸ್ಟಿಯರಿಕ್ ಆಮ್ಲ, ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಗ್ಲಿಸರಿನ್ ಎಂಬ ಹೆಸರುಗಳು ಸಾಮಾನ್ಯವಾಗಿ ಸಿಗುತ್ತವೆ. ಅಂದರೆ ಅದೂ ಸೋಪೇ, ನೀರು ಹೆಚ್ಚಾಗಿರುವ ಮೆತ್ತನೆಯ ಸೋಪು. ಗಟ್ಟಿ ಸೋಪಿನಲ್ಲಿ ಕಾಸ್ಟಿಕ್ ಸೋಡಾದ ಪಾಲು ಹೆಚ್ಚು, ನೀರು ಕಡಿಮೆ. ಪೊಟ್ಯಾಸಿಯಂನಿಂದಾದ ಸೋಪು ಬೇಗ ಕರಗಿ ಬೇಗ ನೊರೆಯಾಗುತ್ತದೆ. ಸ್ಟಿಯರಿಕ್ ಆಮ್ಲ ಆ ನೊರೆಗೆ ದಟ್ಟತನವನ್ನೂ ನಿಲ್ಲುವ ಶಕ್ತಿಯನ್ನೂ ಕೊಡುತ್ತದೆ. ಗ್ಲಿಸರಿನ್ ತೇವವನ್ನು ಹಿಡಿದಿಡುತ್ತದೆ. ಸ್ನಾನದ ಸೋಪು ಎಷ್ಟೇ ಉತ್ತಮವಾಗಿದ್ದರೂ ಗಡ್ಡಕ್ಕೆ ಹೊಂದದಿರುವುದು ಈ ಕಾರಣಕ್ಕಾಗಿಯೇ: ಅದು ಕೊಳೆ ತೆಗೆಯಲು ಮಾಡಿದ್ದು, ಅದರ ನೊರೆ ಬೇಗ ಒಡೆಯುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟು. ಮೆದು ನೀರಿನ ಮನೆಯಲ್ಲಿದ್ದು, ಬೆಳಗ್ಗೆ ಹತ್ತು ನಿಮಿಷ ಬಿಡುವಿರುವವರು ಸೋಪನ್ನೇ ಕೊಳ್ಳಲಿ. ಅದರ ನೊರೆ ಬ್ಲೇಡಿನ ಕೆಳಗೆ ಜಾರುವ ರೀತಿಯೇ ಬೇರೆ, ಮೇಲಾಗಿ ಅದು ತಿಂಗಳುಗಟ್ಟಲೆ ಬರುತ್ತದೆ. ನನ್ನ ಬಳಕೆಯಲ್ಲಿ 70 ಗ್ರಾಮಿನ ಟ್ಯೂಬು ಎರಡು ತಿಂಗಳಿಗೆ ಮುಗಿದರೆ, ಹೆಚ್ಚುಕಡಿಮೆ ಅಷ್ಟೇ ತೂಕದ ಸೋಪು ಅದರ ಎರಡು ಪಟ್ಟು ಬಂದಿದೆ. ಗಡಸು ನೀರಿನವರು ಮತ್ತು ಎಂಟು ಗಂಟೆಯ ಬಸ್ಸಿಗೆ ಓಡುವವರು ಕ್ರೀಮನ್ನು ಆರಿಸಿಕೊಳ್ಳಲಿ. ಬೆರಳ ತುದಿಯಷ್ಟು ಕ್ರೀಮಿನಿಂದ ಬ್ರಷ್ಷಿಗೆ ಬೇಕಾದ ಸೋಪು ಒಮ್ಮೆಗೇ ದೊರೆಯುವುದರಿಂದ ಲವಣಗಳು ನುಂಗಿದ ಮೇಲೂ ಸಾಕಷ್ಟು ಉಳಿಯುತ್ತದೆ. ಕೆಲವು ಕ್ರೀಮುಗಳಲ್ಲಿ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ಇಡಿಟಿಎ ಎಂಬ ವಸ್ತುವನ್ನೂ ಸೇರಿಸಿರುತ್ತಾರೆ. ಲಂಡನ್ನಿನಲ್ಲಿರುವ ನನ್ನ ತಂಗಿಯ ಮಗನೂ ಊರಿನಿಂದ ಒಯ್ದ ಸೋಪು ಅಲ್ಲಿ ಕೆಲಸ ಮಾಡುತ್ತಿಲ್ಲವೆಂದು ದೂರಿದ್ದ. ಆ ನಗರದ ನಲ್ಲಿ ನೀರೂ ನಮ್ಮ ಬೋರ್‌ವೆಲ್ಲಿನ ಹಾಗೆ ಗಡಸು ಎಂದು ತಿಳಿದ ಮೇಲೆ ಅವನೂ ಕ್ರೀಮಿಗೆ ಬದಲಾದ.

ಗಡಸು ನೀರಿನಲ್ಲಿಯೂ ಸೋಪೇ ಬೇಕೆಂದು ಹಟವಿರುವವರಿಗೆ ದಾರಿಯಿಲ್ಲದಿಲ್ಲ. ಮುಖ ತೊಳೆಯಲು ನಲ್ಲಿಯ ನೀರೇ ಸಾಕು, ಬ್ರಷ್ಷಿಗೆ ಮಾತ್ರ ಅರ್ಧ ಲೋಟ ಆರ್‌ಒ ನೀರನ್ನು ಬಿಸಿ ಮಾಡಿಕೊಳ್ಳಿ. ಆರ್‌ಒ ಇಲ್ಲದಿದ್ದರೆ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಹಂಡೆಯ ತಳದಲ್ಲಿ ಸುಣ್ಣದಂತೆ ಕೂರುವ ಅಂಶ ಹೀಗೆ ಕಳೆಯುತ್ತದೆ, ಆದರೆ ಕುದಿಸಿದರೂ ಹೋಗದ ಬೇರೆ ಲವಣಗಳು ಉಳಿದೇ ಉಳಿಯುತ್ತವೆ. ನಾನು ಮಳೆಗಾಲದಲ್ಲಿ ಎರಡು ಕ್ಯಾನು ಮಳೆನೀರು ಹಿಡಿದು ಮುಚ್ಚಿಡುತ್ತೇನೆ. ನಮ್ಮ ಮನೆಯವರು ಇದನ್ನು ಹುಚ್ಚೆನ್ನುತ್ತಾರೆ.

ಏನನ್ನೇ ಕೊಂಡರೂ ನೊರೆ ಕಟ್ಟುವ ಕೆಲಸದಲ್ಲಿ ಅವಸರ ಕೂಡದು. ಬ್ರಷ್ಷನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ನಿಮಿಷ ನೆನೆಸಿ, ಅಷ್ಟರಲ್ಲಿ ಮುಖಕ್ಕೂ ಬಿಸಿನೀರು ತಟ್ಟಿಕೊಳ್ಳಿ. ನೀರು ಹೀರಿಕೊಂಡ ಕೂದಲು ಮೆತ್ತಗಾಗಿ ಸುಲಭವಾಗಿ ಕತ್ತರಿಸಲು ಬರುತ್ತದೆ. ಸೋಪಾದರೆ ಅದರ ಮೇಲೆ ಒಂದು ಚಮಚ ಬಿಸಿನೀರು ಹಾಕಿ ಬಿಟ್ಟು, ಹಿಂಡಿದ ಬ್ರಷ್ಷನ್ನು ಅರ್ಧ ನಿಮಿಷಕ್ಕೂ ಹೆಚ್ಚು ತಿರುಗಿಸಬೇಕು. ಅಲ್ಲಿಂದ ಮುಂದೆ ಎರಡಕ್ಕೂ ವಿಧಾನ ಒಂದೇ, ಮತ್ತು ಅದನ್ನು ವಡೆಗೆ ಉದ್ದು ರುಬ್ಬಿದವರಿಗೆ ಹೇಳಿಕೊಡಬೇಕಾಗಿಲ್ಲ: ನೀರನ್ನು ಸುರಿಯಬಾರದು, ಚಿಮುಕಿಸುತ್ತ ಹೋಗಬೇಕು. ನೊರೆ ಮಂಕಾಗಿ ಅಂಟಂಟಾಗಿದ್ದರೆ ಇನ್ನೂ ನಾಲ್ಕು ಹನಿ ಬೇಕು. ದೊಡ್ಡ ಗುಳ್ಳೆಗಳೆದ್ದು ಕತ್ತಿನ ಕಡೆಗೆ ಇಳಿಯತೊಡಗಿದರೆ ನೀರು ಮೀರಿತೆಂದು ತಿಳಿಯಬೇಕು. ಬೆರಳಿನಲ್ಲಿ ತೆಗೆದರೆ ಗಟ್ಟಿ ಮೊಸರಿನಂತೆ ನಿಲ್ಲುವ, ಬೆಳಕಿಗೆ ಹೊಳೆಯುವ ನೊರೆ ಸರಿಯಾದದ್ದು. ಡಬ್ಬಿ ಒತ್ತಿದರೆ ಬುಸ್ಸೆಂದು ಬರುವ ಫೋಮಿನಲ್ಲಿ ಗಾಳಿಯೇ ಹೆಚ್ಚು. ಅದರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಚರ್ಮ ಸೂಕ್ಷ್ಮವಾಗಿರುವವರು ಸೋಪೋ ಕ್ರೀಮೋ ಎನ್ನುವುದಕ್ಕಿಂತ ಸುಗಂಧವನ್ನೂ ಮೆಂಥಾಲನ್ನೂ ಗಮನಿಸುವುದು ಮುಖ್ಯ. ಹೊಸದನ್ನು ಮುಖಕ್ಕೆ ಹಚ್ಚುವ ಮೊದಲು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ತೊಳೆದು ಒಂದು ದಿನ ಕಾದು ನೋಡಿ. ಮೆಂಥಾಲಿನ ತಂಪು ಏಪ್ರಿಲ್‌ನಲ್ಲಿ ಹಿತವಾಗಿದ್ದರೂ ಡಿಸೆಂಬರಿನ ಒಣಗಾಳಿಯಲ್ಲಿ ಉರಿ ತರಬಹುದು.

ಪ್ರಯಾಣಕ್ಕೆ ಟ್ಯೂಬು ಅನುಕೂಲ. ಸೋಪಾದರೆ ಕಡ್ಡಿಯ ರೂಪದ್ದನ್ನು ಒಯ್ಯಿರಿ, ಒದ್ದೆ ಬಟ್ಟಲಿನ ತಾಪತ್ರಯವಿರುವುದಿಲ್ಲ. ಮಲೆನಾಡು ಮತ್ತು ಕರಾವಳಿಯವರು ಮಳೆಗಾಲದಲ್ಲಿ ಸೋಪಿನ ಬಟ್ಟಲಿನಲ್ಲಿ ನೀರು ನಿಲ್ಲಲು ಬಿಡಬಾರದು, ಮೇಲ್ಮೈ ಆರುವವರೆಗೆ ಮುಚ್ಚಳ ಹಾಕಬಾರದು. ಬ್ರಷ್ಷನ್ನು ಸೋಪಿನ ಅಂಶ ಹೋಗುವಂತೆ ತೊಳೆದು, ಕೊಡವಿ, ಗಾಳಿಯಾಡುವ ಕಡೆ ಕೂದಲು ಕೆಳಮುಖವಾಗುವಂತೆ ತೂಗುಹಾಕಿ; ಕುದಿಯುವ ನೀರಿಗೆ ಅದ್ದಿದರೆ ಬುಡದ ಅಂಟು ಬಿಟ್ಟು ಕೂದಲು ಉದುರುತ್ತದೆ. ಸೋಪು ಸವೆದು ಬಿಲ್ಲೆಯಷ್ಟಾದಾಗ ಎಸೆಯದೆ, ತುರಿಮಣೆಯಲ್ಲಿ ತುರಿದು, ಹೊಸ ಸೋಪಿನ ಮೇಲೆ ನಾಲ್ಕು ಹನಿ ಬಿಸಿನೀರು ಹಾಕಿ ಹೆಬ್ಬೆರಳಿನಿಂದ ಒತ್ತಿಬಿಟ್ಟರೆ ಮರುದಿನದ ಹೊತ್ತಿಗೆ ಎರಡೂ ಒಂದಾಗಿ ಕೂತಿರುತ್ತವೆ.