ಒಂದು ಹಾಡು, ಇಬ್ಬರು ಮಕ್ಕಳು: ತರಗತಿಯಲ್ಲಿ ಸಿಕು ಮಾಡಿಸುವ ಬಗೆ

'ಜಗತ್ತಿನ ವಾದ್ಯಗಳು' ಅಂತ ಒಂದೇ ವಾರದಲ್ಲಿ ಹತ್ತು ದೇಶ ಸುತ್ತಿಸುವ ಪಾಠ ನಾನೂ ಮಾಡಿದ್ದೇನೆ. ಮಕ್ಕಳು ಡಬ್ಬಕ್ಕೆ ಕಾಳು ತುಂಬಿ, ಬಣ್ಣ ಬಳಿದು ಮನೆಗೆ ತಗೊಂಡು ಹೋದರು, ಅಷ್ಟೇ. ಅದನ್ನು ಯಾರು ನುಡಿಸುತ್ತಾರೆ, ಹೇಗೆ ನುಡಿಸುತ್ತಾರೆ, ಒಂದೂ ತಲೆಯಲ್ಲಿ ಉಳಿಯಲಿಲ್ಲ. ಈಗ ಒಂದೇ ವಾದ್ಯ, ಮೂರು ಪೀರಿಯಡ್. ನನ್ನ ಆಯ್ಕೆ ಸಿಕು, ದಕ್ಷಿಣ ಅಮೆರಿಕದ ಊದುವ ಕೊಳವೆಗಳ ವಾದ್ಯ.

ಮೊದಲ ಪೀರಿಯಡ್‌ಗೆ ಭೂಪಟ ತೆಗೆಯಿರಿ. ಪೆರು ಮತ್ತು ಬೊಲಿವಿಯಾ ಗಡಿಯಲ್ಲಿ, ಸುಮಾರು 3,800 ಮೀಟರ್ ಎತ್ತರದಲ್ಲಿ ಟಿಟಿಕಾಕಾ ಸರೋವರ ಇದೆ. ಅದರ ಸುತ್ತಲಿನ ಐಮಾರಾ ಜನ ಟೊಳ್ಳು ಕಡ್ಡಿಗಳನ್ನು ಸಾಲಾಗಿ ಕಟ್ಟಿ ಊದುತ್ತಾರೆ. ಮಜಾ ಏನಂದರೆ, ಒಬ್ಬರ ಕೈಯಲ್ಲಿ ಎಲ್ಲ ಸ್ವರ ಇರುವುದಿಲ್ಲ! ಒಂದು ಬಿಟ್ಟು ಒಂದು ಸ್ವರ 'ಇರಾ' ಅನ್ನೋ ಸಾಲಿನಲ್ಲಿ, ಮಿಕ್ಕವು 'ಅರ್ಕಾ'ದಲ್ಲಿ. ಸಾಮಾನ್ಯವಾಗಿ ಒಂದಕ್ಕೆ 6 ಕೊಳವೆ, ಇನ್ನೊಂದಕ್ಕೆ 7. ಇಬ್ಬರೂ ಸೇರಿದರೆ ಮಾತ್ರ ಹಾಡು. ಸರೋವರದ ದಡದ ಪುನೋ ಊರಿನಲ್ಲಿ ಫೆಬ್ರವರಿಯ ಕಂದೆಲಾರಿಯಾ ಹಬ್ಬಕ್ಕೆ ಈಗಲೂ ದೊಡ್ಡ ದೊಡ್ಡ ತಂಡಗಳು ನುಡಿಸುತ್ತಾ ಬರುತ್ತವೆ. ಹಾಗಾಗಿ 'ಹಿಂದಿನ ಕಾಲದಲ್ಲಿ ನುಡಿಸುತ್ತಿದ್ದರು' ಅಂತ ಹೇಳಬೇಡಿ. ಗರಿಗಳ ಕಿರೀಟ ಕಟ್ಟಿಸುವ ವೇಷವೂ ಬೇಡ.

ಎರಡನೇ ಪೀರಿಯಡ್ ಕೆಲಸದ್ದು. ಅರ್ಧ ಇಂಚಿನ ಸಿಪಿವಿಸಿ ನೀರಿನ ಪೈಪ್ ತನ್ನಿ, 3 ಮೀಟರಿನಲ್ಲಿ ಮೂರು ಜೋಡಿ ಆಗುತ್ತದೆ. ಹ್ಯಾಕ್ಸಾದಲ್ಲಿ ಕತ್ತರಿಸೋದು ನಿಮ್ಮ ಕೆಲಸ, ಅಂಚನ್ನು ಮರಳು ಕಾಗದದಲ್ಲಿ ಉಜ್ಜೋದು ಮಕ್ಕಳದ್ದು. ತುಂಡುಗಳು 17, 15.2, 13.8, 11.7, 10.6 ಮತ್ತು 9 ಸೆಂ.ಮೀ. ಕೆಳಗಿನ ಬಾಯಿಗೆ 1 ಸೆಂ.ಮೀ. ಕ್ಲೇ ತುಂಬಿ ಗಾಳಿ ಆಡದಂತೆ ಮುಚ್ಚಿದರೆ ಒಳಗಿನ ಉದ್ದ 16, 14.2, 12.8, 10.7, 9.6, 8 ಉಳಿಯುತ್ತದೆ. ಅಂದರೆ ಸ ರಿ ಗ ಪ ದ ಸ, ನಮ್ಮ ಮೋಹನ ರಾಗ. ಅಸಲಿ ಸಿಕುವಿನ ಸಾಲು ಇದಲ್ಲ, ಮಕ್ಕಳ ಕೈಗೆ ಸುಲಭವಾಗಲಿ ಅಂತ ನಾನು ಮಾಡಿಕೊಂಡದ್ದು, ಅದನ್ನೂ ಅವರಿಗೆ ಹೇಳಿಬಿಡಿ. ಉದ್ದ ಅರ್ಧವಾದರೆ ಮೇಲಿನ ಸ, ಮೂರರಲ್ಲಿ ಎರಡು ಭಾಗವಾದರೆ ಪ. ಭಿನ್ನರಾಶಿ ಅಂದರೆ ಮುಖ ಸಿಂಡರಿಸುವವರೂ ಇಲ್ಲಿ ಸ್ಕೇಲ್ ಹಿಡಿದು ಕೂರುತ್ತಾರೆ. ಸ್ವರ ತಗ್ಗಿದ್ದರೆ ಕ್ಲೇಯನ್ನು ಕೆಳಗಿನಿಂದ ಚೂರು ಒಳಗೆ ತಳ್ಳಿ, ಏರುತ್ತದೆ.

ಈಗ ಸ, ಗ, ದ ಒಬ್ಬರಿಗೆ. ರಿ, ಪ, ಮೇಲಿನ ಸ ಇನ್ನೊಬ್ಬರಿಗೆ. ಮೂರನ್ನೂ ಸಾಲಾಗಿ ಜೋಡಿಸಿ, ಐಸ್‌ಕ್ರೀಮ್ ಕಡ್ಡಿ ಇಟ್ಟು ಟೇಪ್ ಸುತ್ತಿ. ಕೊಳವೆಯ ಅಂಚನ್ನು ಕೆಳತುಟಿಗೆ ಒರಗಿಸಿ, ಖಾಲಿ ಬಾಟಲಿ ಊದಿದ ಹಾಗೆ ಕೊಳವೆ ಬಾಯಿಯ ಅಡ್ಡಕ್ಕೆ ಊದಬೇಕು. ಜೋರಾಗಿ ಊದಿದರೆ ತಲೆ ಸುತ್ತುತ್ತದೆ, ನಡುನಡುವೆ ನಿಲ್ಲಿಸಿ. ಒಬ್ಬರು ಊದಿದ್ದನ್ನು ಇನ್ನೊಬ್ಬರು ಊದಬಾರದು, ಹೆಸರು ಬರೆಸಿಡಿ.

ಮೂರನೇ ಪೀರಿಯಡ್‌ನಲ್ಲಿ ಆರೋಹಣ, ಅವರೋಹಣ, ಆಮೇಲೆ ಅವರೇ ಕಟ್ಟಿದ ಎಂಟು ಸ್ವರದ ಸಾಲು. ಮೊದಮೊದಲು ಸುಮ್ನೆ ಗದ್ದಲ. ಪ್ರತಿಯೊಬ್ಬರೂ ತಮ್ಮ ಮೂರನ್ನೇ ಊದುತ್ತಿರುತ್ತಾರೆ. ಆಗ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ. ಕಣ್ಣಿಗೆ ಕಾಣದಿದ್ದಾಗ ಕಿವಿ ತಾನಾಗೇ ಜೊತೆಯವರ ಕಡೆ ತಿರುಗುತ್ತದೆ.

ಜೊತೆಯವರು ಶಾಲೆಗೆ ಬರದ ದಿನ ಏನು ಮಾಡೋದು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಪಕ್ಕದ ಜೋಡಿಗೆ ಸೇರಿಸಿಬಿಡಿ, ಪುನೋದ ತಂಡಗಳಲ್ಲೂ ಒಂದೇ ಸಾಲನ್ನು ಹಲವರು ಒಟ್ಟಿಗೆ ಊದುತ್ತಾರಲ್ವಾ.