ಸಾಫ್ಟ್‌ವೇರ್ ಕೊಳ್ಳುವ ಮೊದಲು ನಿಮ್ಮದೇ ಚೀಟಿಗಳಿಂದ ಪರೀಕ್ಷಿಸಿ

ಮಡಿಕೇರಿಯ ಒಂದು ಕಾಫಿಪುಡಿ ಅಂಗಡಿಯು ಕುಶಾಲನಗರದಲ್ಲಿ ಗೋದಾಮು, ಗೋಣಿಕೊಪ್ಪದಲ್ಲಿ ಖರೀದಿ ಕೇಂದ್ರ, ಜೊತೆಗೆ ಆನ್‌ಲೈನ್ ಮಾರಾಟ ಎಂದು ಬೆಳೆದಾಗ ಎಕ್ಸೆಲ್ ಕಡತಗಳಲ್ಲಿ ಲೆಕ್ಕ ನಿಲ್ಲುವುದಿಲ್ಲ. ಆಗ ಮಾಲೀಕರು ಲೆಕ್ಕದ ಸಾಫ್ಟ್‌ವೇರ್ ಕಂಪನಿಯ ಮಾರಾಟ ಪ್ರತಿನಿಧಿಯನ್ನು ಕರೆಸಿ, ಅವರು ತೋರಿಸಿದ ಬಣ್ಣದ ನಕ್ಷೆಗಳನ್ನು ಮೆಚ್ಚಿ ಮುಂಗಡ ಕೊಟ್ಟುಬಿಡುತ್ತಾರೆ. ಕೊಯ್ಲು ಶುರುವಾಗುವ ಹೊತ್ತಿಗೆ ಗೋದಾಮಿನ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಮತ್ತೆ ನೋಟ್‌ಬುಕ್ ಹಿಡಿದಿರುವುದನ್ನು ನಾನು ಹಲವೆಡೆ ಕಂಡಿದ್ದೇನೆ.

ಮೊದಲಿಗೆ ಖರೀದಿ, ದಾಸ್ತಾನು, ತಯಾರಿಕೆ, ಮಾರಾಟ, ಸಂಬಳ ಇವುಗಳಲ್ಲಿ ಯಾವುದು ನಿಜಕ್ಕೂ ಕೈಮೀರಿದೆ ಎಂದು ಸಿಬ್ಬಂದಿಯನ್ನೇ ಕೇಳಿ ಬರೆದುಕೊಳ್ಳಿ.

ಎರಡನೆಯದಾಗಿ, ಕಾನೂನು ಬೇಡುವುದನ್ನು ಲೆಕ್ಕಪರಿಶೋಧಕರೊಂದಿಗೆ ಖಚಿತಪಡಿಸಿಕೊಳ್ಳಿ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರು ಇತರ ವ್ಯಾಪಾರಿಗಳಿಗೆ ಮಾರುವಾಗ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸುವ ಜಿಎಸ್‌ಟಿ ಬಿಲ್ಲು) ಮಾಡುವುದು 2023ರ ಆಗಸ್ಟ್ 1ರಿಂದ ಕಡ್ಡಾಯ. ಕಂಪನಿ ಕಾಯ್ದೆಯಡಿ ನೋಂದಾಯಿಸಿದವರ ಲೆಕ್ಕದ ಸಾಫ್ಟ್‌ವೇರ್, ಯಾರು ಯಾವಾಗ ಏನು ತಿದ್ದಿದರು ಎಂಬ ದಾಖಲೆಯನ್ನು 2023ರ ಏಪ್ರಿಲ್ 1ರಿಂದ ಇಟ್ಟುಕೊಳ್ಳಲೇಬೇಕು. ಕಡಿಮೆ ಬೆಲೆಗೆ ಸಿಗುವ ಕ್ರ್ಯಾಕ್ ಮಾಡಿದ ಪ್ರತಿಗಳನ್ನು ಮುಟ್ಟಲೇಬೇಡಿ. ಅವು ಕಾನೂನುಬಾಹಿರ, ಮೇಲಾಗಿ ತೆರಿಗೆ ನಿಯಮ ಬದಲಾದಾಗ ಅವುಗಳಿಗೆ ಅಪ್‌ಡೇಟ್ ಬರುವುದಿಲ್ಲ.

ಎಲ್ಲರೂ ಎಡವುವುದು ಮೂರನೆಯ ಹಂತವಾದ ಪರೀಕ್ಷೆಯಲ್ಲಿ. ಪ್ರತಿನಿಧಿ ತಂದ ಮಾದರಿ ಲೆಕ್ಕಗಳನ್ನು ನೋಡುವುದರಿಂದ ಪ್ರಯೋಜನವಿಲ್ಲ. ಕಳೆದ ಕೊಯ್ಲಿನ ಅತ್ಯಂತ ತೊಡಕಿನ ಚೀಟಿಗಳನ್ನು ತೆಗೆದಿಟ್ಟುಕೊಂಡು, ಕೀಬೋರ್ಡಿನ ಮುಂದೆ ನಿಮ್ಮ ರೈಟರನ್ನೇ ಕೂರಿಸಿ. ಮೊದಲ ಚೀಟಿ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ಖರೀದಿಯದ್ದಾಗಿರಲಿ. 50 ಕಿಲೋ ಚೀಲಕ್ಕೆ ಒಬ್ಬ ಬೆಳೆಗಾರರ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಕಿಲೋ) 26 ಬಂದಿರುತ್ತದೆ, ಇನ್ನೊಬ್ಬರದು 28. ದರ ನಿಂತಿರುವುದು ಚೀಲದ ಮೇಲಲ್ಲ, ಈ ಅಂಕಿಯ ಮೇಲೆ. ತೇವಾಂಶದ ಕಡಿತ, ಕೊಯ್ಲಿಗೆ ಮುಂಚೆ ಕೊಟ್ಟ ಮುಂಗಡದ ಹೊಂದಾಣಿಕೆ ಎಲ್ಲವೂ ಅದೇ ಬಿಲ್ಲಿನಲ್ಲಿ ಮೂಡಬೇಕು. ರೈಟರ್ ಕ್ಯಾಲ್ಕುಲೇಟರಿಗೆ ಕೈ ಹಾಕಿದರೆ ಆ ಸಾಫ್ಟ್‌ವೇರ್ ನಿಮ್ಮ ಕೆಲಸಕ್ಕೆ ಒದಗುವುದಿಲ್ಲ.

ಬಳಿಕ, ದರ ಏರಲಿ ಎಂದು ಬೆಳೆಗಾರರು ನಿಮ್ಮ ಗೋದಾಮಿನಲ್ಲಿ ಇಟ್ಟುಹೋದ ಚೀಲಗಳನ್ನು ನಮೂದಿಸಿ ನೋಡಿ. ಮಾಲು ನಿಮ್ಮಲ್ಲಿದ್ದರೂ ದರ ನಿಗದಿಯಾಗುವವರೆಗೆ ಅದು ನಿಮ್ಮದಲ್ಲ. ಅದನ್ನು ನಿಮ್ಮ ದಾಸ್ತಾನಿಗೆ ಸೇರಿಸಿಬಿಡುವ ಸಾಫ್ಟ್‌ವೇರ್ ಇಲ್ಲದ ಆಸ್ತಿಯನ್ನು ತೋರಿಸುತ್ತದೆ, ಮತ್ತು ಬೆಳೆಗಾರರು ಬಂದು ಕೇಳಿದ ದಿನ ಜಗಳಕ್ಕೆ ಕಾರಣವಾಗುತ್ತದೆ.

ಮೂರನೆಯ ಚೀಟಿ ತಯಾರಿಕೆಯದು. ಒಂದೇ ಲಾಟಿನಿಂದ ಪಿಬಿ, ಎಬಿ, ಸಿ, ಬಿಬಿಬಿ ಎಂದು ಹಲವು ದರ್ಜೆಗಳು ಹೊರಬರುತ್ತವೆ, ಹುರಿದಾಗ ತೂಕದಲ್ಲಿ ಶೇಕಡ 15ರಿಂದ 20ರಷ್ಟು ಇಳಿಯುತ್ತದೆ, ಆಮೇಲೆ ಚಿಕೋರಿ ಸೇರುತ್ತದೆ. ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕಿಂತ ಕಡಿಮೆ ಇರುವಂತಿಲ್ಲ ಮತ್ತು ಪ್ರಮಾಣವನ್ನು ಲೇಬಲ್ಲಿನಲ್ಲಿ ತಿಳಿಸಬೇಕು. ಆದ್ದರಿಂದ ಅಂಗಡಿಯಲ್ಲಿ ಮಾರಿದ ಪೊಟ್ಟಣದ ಸಂಖ್ಯೆ ಕೊಟ್ಟರೆ ಅದು ಯಾವ ಲಾಟು, ಯಾವ ಮಿಶ್ರಣ ಎಂದು ಪರದೆಯ ಮೇಲೆ ಕಾಣಬೇಕು. 'ಅದನ್ನು ನಿಮಗಾಗಿ ಮಾಡಿಕೊಡುತ್ತೇವೆ ಸಾರ್' ಎಂಬ ಉತ್ತರ ಬಂದರೆ, ಬೆಲೆ ಮತ್ತು ದಿನಾಂಕದ ಸಮೇತ ಬರವಣಿಗೆಯಲ್ಲಿ ಪಡೆಯಿರಿ.

ಇಂಟರ್ನೆಟ್ ಮೂಲಕ ನಡೆಯುವ ಕ್ಲೌಡ್ ಸಾಫ್ಟ್‌ವೇರನ್ನು ಮಡಿಕೇರಿಯ ಕಚೇರಿಯಲ್ಲಿ ಪರೀಕ್ಷಿಸಿ ಒಪ್ಪಬೇಡಿ. ಮಳೆಗಾಲದಲ್ಲಿ ವಿದ್ಯುತ್ತು, ನೆಟ್‌ವರ್ಕ್ ಎರಡೂ ಕೈಕೊಡುವ ಖರೀದಿ ಕೇಂದ್ರದಲ್ಲಿ ಕುಳಿತು, ಸಂಪರ್ಕ ಕಡಿದಾಗಲೂ ಬಿಲ್ಲು ಹಾಕಲು ಬರುತ್ತದೆಯೇ ಎಂದು ನೋಡಿ.

ಕೊಳ್ಳುವುದು, ಮಾರುವುದು ಇಷ್ಟೇ ಇದ್ದರೆ ಟ್ಯಾಲಿ ಪ್ರೈಮ್ ಸಾಕು, ಅದನ್ನು ಬಲ್ಲ ಅಕೌಂಟೆಂಟ್ ಊರಿನಲ್ಲೇ ಸಿಗುತ್ತಾರೆ. ಲಾಟು, ಮಿಶ್ರಣ, ಹಲವು ಗೋದಾಮುಗಳು ಬಂದಾಗ ಮಾತ್ರ ಖರೀದಿಯಿಂದ ಮಾರಾಟದವರೆಗೆ ಎಲ್ಲವನ್ನೂ ಒಟ್ಟಿಗೆ ನಿಭಾಯಿಸುವ ಇಆರ್‌ಪಿನೆಕ್ಸ್ಟ್, ಓಡೂ ಮುಂತಾದವುಗಳತ್ತ ಹೋಗಿ. ಇಆರ್‌ಪಿನೆಕ್ಸ್ಟ್‌ಗೆ ಪರವಾನಗಿ ಶುಲ್ಕವಿಲ್ಲ, ಆದರೆ ಅಳವಡಿಕೆ, ಸರ್ವರ್, ತರಬೇತಿಗೆ ಹಣ ಬೇಕು. ಯಾವುದೇ ಆಗಲಿ, ಬಳಕೆದಾರರ ಸಂಖ್ಯೆ ಮತ್ತು ನವೀಕರಣ ಸೇರಿಸಿ ಮೂರು ವರ್ಷದ ಒಟ್ಟು ವೆಚ್ಚವನ್ನು ಹೋಲಿಸಿ. ನಿಮ್ಮ ಲೆಕ್ಕವನ್ನೆಲ್ಲ ಎಕ್ಸೆಲ್‌ಗೆ ಇಳಿಸಿಕೊಳ್ಳಲು ಬಿಡದ ಕಂಪನಿಗೆ ಮುಂಗಡ ಕೊಡಬೇಡಿ.

ಬದಲಾವಣೆಗೆ ಏಪ್ರಿಲ್ 1 ಸೂಕ್ತ ದಿನ: ಹಣಕಾಸು ವರ್ಷ ಹೊಸದು, ಕೊಯ್ಲಿನ ಒತ್ತಡವೂ ಮುಗಿದಿರುತ್ತದೆ. ಅದಕ್ಕೆ ಮುಂಚೆ ಬೆಳೆಗಾರರ ಪಟ್ಟಿಯನ್ನು ಶುದ್ಧ ಮಾಡಿ. ಒಂದು ಕೇಂದ್ರದಲ್ಲಿ ಮನೆ ಹೆಸರು ಸೇರಿಸಿ, ಇನ್ನೊಂದರಲ್ಲಿ ಬಿಟ್ಟು ಬರೆದರೆ ಒಬ್ಬರೇ ಇಬ್ಬರಾಗಿ, ಮುಂಗಡ ಒಂದು ಖಾತೆಯಲ್ಲಿ, ಖರೀದಿ ಇನ್ನೊಂದರಲ್ಲಿ ಉಳಿಯುತ್ತದೆ. ಹೆಸರಿನ ಬದಲು ಮೊಬೈಲ್ ಸಂಖ್ಯೆಯನ್ನೇ ಗುರುತಾಗಿಸಿಕೊಳ್ಳಿ. ಮಾರ್ಚ್ 31ರಂದು ಚೀಲಗಳನ್ನು ಕಣ್ಣಾರೆ ಎಣಿಸಿ ಆರಂಭಿಕ ದಾಸ್ತಾನು ತುಂಬಿಸಿ. ಏಪ್ರಿಲ್ ತಿಂಗಳು ಹಳೆಯದು, ಹೊಸದು ಎರಡರಲ್ಲೂ ಲೆಕ್ಕ ಬರೆದು, ಆ ತಿಂಗಳ ಜಿಎಸ್‌ಟಿ ರಿಟರ್ನ್ ಎರಡೂ ಕಡೆ ತಾಳೆಯಾದ ಮೇಲಷ್ಟೇ ಹಳೆಯ ಲೆಕ್ಕದಲ್ಲಿ ಬರೆಯುವುದನ್ನು ನಿಲ್ಲಿಸಿ.