ನಕ್ಷೆಯಲ್ಲಿ ಹಸಿರು ಕಂಡದ್ದೆಲ್ಲ ಕಾಡಲ್ಲ

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ) ಕೋಲಾರ ಜಿಲ್ಲೆಯ ಊರುಗಳನ್ನು ಗುರುತಿಸುತ್ತಿರುವವರಿಗೆ ಒಂದು ಸಲಹೆ. ಉಪಗ್ರಹ ಚಿತ್ರದಲ್ಲಿ ಮರಗಳು ಸಾಲಾಗಿ, ಅಳತೆ ಹಿಡಿದಂತೆ ಕಂಡರೆ 'ನ್ಯಾಚುರಲ್=ವುಡ್' (ಕಾಡು) ಎಂಬ ಟ್ಯಾಗ್, ಅಂದರೆ ಜಾಗ ಯಾವ ಬಗೆಯದೆಂದು ಹೇಳುವ ಗುರುತು, ಹಾಕಬೇಡಿ. ಶ್ರೀನಿವಾಸಪುರದ ಕಡೆ ಅದು ಬಹುಮಟ್ಟಿಗೆ ಮಾವಿನ ತೋಪು; 'ಲ್ಯಾಂಡ್‌ಯೂಸ್=ಆರ್ಚರ್ಡ್' ಹಾಕಿ, ಜೊತೆಗೆ 'ಟ್ರೀಸ್=ಮ್ಯಾಂಗೋ_ಟ್ರೀಸ್' ಸೇರಿಸಿ. ನೀಲಗಿರಿ ತೋಪು ಮಾತ್ರ ಬೇರೆ. ಅದನ್ನು ಬೆಳೆಸುವುದು ಹಣ್ಣಿಗಲ್ಲ, ಮರಕ್ಕೆ. ಹಾಗಾಗಿ 'ಲ್ಯಾಂಡ್‌ಯೂಸ್=ಫಾರೆಸ್ಟ್'.

ಹೆಚ್ಚು ಜನ ಎಡವುವುದು ರಾಗಿ ಹೊಲದಲ್ಲಿ. ಬೇಸಿಗೆಯಲ್ಲಿ ತೆಗೆದ ಚಿತ್ರದಲ್ಲಿ ಮಳೆಯಾಶ್ರಿತ ಹೊಲ ಬರೀ ಕೆಂಪು ನೆಲ. ನಾನೂ ಮೊದಮೊದಲು ಅಂಥ ಹೊಲಗಳನ್ನು ಪಾಳುಭೂಮಿ ಎಂದು ಗುರುತಿಸಿ, ಊರಿಗೆ ಹೋದಾಗ ತೆನೆ ತುಂಬಿ ನಿಂತದ್ದು ನೋಡಿ ಎಲ್ಲವನ್ನೂ ತಿದ್ದಿದೆ. ಬದು ಕಾಣುತ್ತಿದೆಯೇ, ನೇಗಿಲ ಗೆರೆ ಇದೆಯೇ ನೋಡಿ. ಇದ್ದರೆ 'ಫಾರ್ಮ್‌ಲ್ಯಾಂಡ್'.

ಗುಡ್ಡದ ಕುರುಚಲು 'ಸ್ಕ್ರಬ್', ಬರೀ ಬಂಡೆ 'ಬೇರ್_ರಾಕ್'. ಬತ್ತಿದ ಕೆರೆಯಂಗಳವನ್ನು ದಯವಿಟ್ಟು ಹುಲ್ಲುಗಾವಲು ಮಾಡಬೇಡಿ, ಅದು ಕೆರೆಯೇ. 'ನ್ಯಾಚುರಲ್=ವಾಟರ್' ಜೊತೆ 'ಇಂಟರ್‌ಮಿಟೆಂಟ್=ಯೆಸ್' (ನೀರು ಸದಾ ಇರುವುದಿಲ್ಲ ಎಂದು) ಹಾಕಿ. ಅನುಮಾನ ಬಂದರೆ ಆ ಊರಿನವರನ್ನೇ ಕೇಳಿ, ಆಮೇಲೆ ಉಳಿಸಿ.